ಮಾಳಿಗೆಯ ಮೇಲೆ ಕೆಂಪು ವೈನ್

ಬಾಟಲಿಯ ಮುಚ್ಚಳಕ್ಕೆ ಶೈಲಶ್ರೀ ಸ್ಕ್ರೂಡ್ರೈವರ್ ಚುಚ್ಚುವಷ್ಟರಲ್ಲಿ ಅವ್ವ ನೀಲಾಬಾಯಿ ಮಾಳಿಗೆ ಹತ್ತಿ ಬಂದಳು.

"ಏನದು?"

"ವೈನ್. ಆಸ್ಟ್ರೇಲಿಯಾದ್ದು. ನನ್ನ ಪಗಾರದಾಗ ತಂದೀನಿ." ಮುಚ್ಚಿಡುವಷ್ಟು ತಾಳ್ಮೆ ಇವತ್ತು ಉಳಿದಿರಲಿಲ್ಲ.

ಶನಿವಾರ ಮಂದ್ರೂಪದಿಂದ ಗಂಡಿನ ಕಡೆಯವರು ಒಂದು ಕ್ರೂಸರ್ ತುಂಬ ಇವರೂರು ಕುಂಭಾರಿಗೆ ಬಂದು, ಶೈಲಶ್ರೀಯನ್ನು ನಡೆಸಿ, ಕೂಡಿಸಿ, ಹೋಳಿಗೆ ಉಂಡು ಹೋಗಿದ್ದರು. ರಾತ್ರಿ ಫೋನು: ಸಂಜೆತನಕ ಅಮಾವಾಸ್ಯೆ ಇತ್ತಂತೆ, ನೋಡಿದ್ದು ಲೆಕ್ಕಕ್ಕಿಲ್ಲವಂತೆ. ಇವತ್ತು ಭಾನುವಾರ ಮತ್ತೆ ಅದೇ ಗಾಡಿ, ಅದೇ ನಡಿಗೆ, ಹೊಸ ಹೋಳಿಗೆ. ಕೆಟ್ಟದ್ದು ನೋಟ ಮಾತ್ರ; ಉಂಡದ್ದಕ್ಕೆ ಯಾವ ದೋಷವೂ ತಟ್ಟಿರಲಿಲ್ಲ. ಹೊರಡುವಾಗ ಹುಡುಗನ ಕಾಕಾ ಕೆಮ್ಮುತ್ತ ಅಂದಿದ್ದ: "ಲಗ್ನ ಆದಮ್ಯಾಲ ನೌಕರಿ ಬಿಡಬೇಕ್ರಿ. ನಮ್ಮ ಮನಿ ಸೊಸ್ತೇರು ಬಸ್ ಹತ್ತೂದಿಲ್ಲ."

ಸೋಲಾಪುರದ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಕೈಗಳು ಅವರಿಗೆ ರೊಟ್ಟಿ ಬಡಿಯಲು ಬೇಕಿದ್ದವು. ಅವರ ಕಬ್ಬಿನ ಹೊಲ ನೆನೆದು ಅಪ್ಪ ಚನ್ನವೀರಪ್ಪ, "ಸಂಜಿಗಿ ಹೇಳತೀವ್ರಿ" ಎಂದು ಕೈಮುಗಿದಿದ್ದ.

ಅವ್ವ ಬಾಟಲಿ ಕಸಿದುಕೊಂಡಳು. "ಬೂಚಲ್ಲ ಹುಚ್ಚಿ, ಔಷಧ ಬಾಟ್ಲಿ ಗತೆ ತಿರುವೂದೈತಿ."

ಕಟಕ್ಕೆಂದಿತು. ಸ್ಟೀಲ್ ಲೋಟಗಳಿಗೆ ದಟ್ಟ ಕೆಂಪು ಇಳಿಯಿತು. ಮೊದಲ ಗುಟುಕಿಗೆ ಮಾಗಿದ ನೇರಳೆಯ ರುಚಿ, ಮೇಲೆ ಕರಿಮೆಣಸಿನ ಚುರುಕು. ಎರಡು ದಿನ ಕಚ್ಚಿಹಿಡಿದಿದ್ದ ಶೈಲಶ್ರೀಯ ದವಡೆ ಸಡಿಲಾಯಿತು.

ಅವ್ವನೂ ಒಂದು ಗುಟುಕು ಹೀರಿದಳು. "ಯವ್ವಾ! ಮಸಾಲಿ ಹಾಕ್ಯಾರೇನ ಇದಕ್ಕ? ತಡಿ, ಶೇಂಗಾ ಚಟ್ನಿ ತರ್ತೀನಿ."

ಕಡಕ್ ರೊಟ್ಟಿ, ಚಟ್ನಿ ಬಂದವು. ಇಬ್ಬರೂ ಕಾಕಾನ ಕೆಮ್ಮನ್ನು ಅಣಕಿಸಿ ನಗುತ್ತಿರುವಾಗ ರಿಂಗಾಗುತ್ತಿದ್ದ ಫೋನ್ ಹಿಡಿದು ಅಪ್ಪ ಬಂದ.

"ಮಂದ್ರೂಪದಾವ್ರು. ಏನ ಹೇಳ್ಲಿ?"

"ಬ್ಯಾಡಂತ ಹೇಳಪಾ," ಅಂದಳು ಶೈಲಶ್ರೀ. ಅಪ್ಪ ಅಲ್ಲೇ ನಿಂತ. ಫೋನು ಬಡಿದುಕೊಳ್ಳುತ್ತಲೇ ಇತ್ತು.

ಅವ್ವ ಕೈಚಾಚಿ ಅದನ್ನು ತಗೊಂಡಳು. "ನಮಸ್ಕಾರ ಭಾವೂ. ನಮ್ಮ ಹುಡುಗಿಗಿ ಪಸಂತ ಇಲ್ರಿ... ಹ್ಞೂಂ, ನೌಕರಿ ಬಿಡೂದಿಲ್ಲಾಕಿ... ಇಲ್ರಿ, ಮತ್ತ ಬರೂದು ಬ್ಯಾಡ. ಇವತ್ತ ಅಮಾಸಿ ಇಲ್ಲ, ಹೇಳಿದ್ದು ಲೆಕ್ಕಕ್ಕೈತಿ."

ಅಪ್ಪ ಬಗ್ಗಿ ಅವಳ ಲೋಟ ನೋಡಿದ. "ಕುಡದ ಮಾತಾಡಿದೇನ?"

"ಎರಡ ದಿನ ಕುಡೀದ ಸುಮ್ನಿದ್ದೆ. ಏನ ಸಿಕ್ತು? ಎರಡ ಸಲ ಹೂರಣ ರುಬ್ಬಿದೆ."

ಅಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ರಸ್ತೆಯಾಚೆಯ ಜೋಳದ ಮೇಲೆ ಬಿಸಿಲು ಹಳದಿಗಟ್ಟುತ್ತಿತ್ತು. ಅವನು ರೊಟ್ಟಿಯ ತುಂಡೊಂದನ್ನು ಮುರಿದು, ಯಾರ ಮುಖವನ್ನೂ ನೋಡದೆ, ಚಹಾದಲ್ಲಿ ಅದ್ದುವಂತೆ ಮಗಳ ಲೋಟದಲ್ಲಿ ಮೆಲ್ಲಗೆ ಅದ್ದಿದ.