ಒಬ್ಬಳಿಗೆ ಎರಡು ಟ್ರೈಪಾಡ್

ನನ್ನ ಗಂಡನ ದುರ್ಬೀನು ಅವನ ಜೊತೆಗೇ ಮಣ್ಣಿನಲ್ಲಿದೆ. ಪೆಟ್ಟಿಗೆ ಮುಚ್ಚುವ ಹೊತ್ತಿಗೆ ನಾದಿನಿ ಸೊಕೋರ್ರೊ ಓಡಿಬಂದು ಅದನ್ನು ಅವನ ಎದೆಯ ಮೇಲಿಟ್ಟಳು. ಜರ್ಮನಿಯ ಗಾಜು, ಬೆಲೆಬಾಳುವಂಥದ್ದು. ಎವರಿಸ್ಟೊ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಬುದ್ಧಿ ನೆಟ್ಟಗಿರುವ ಯಾವ ಹೆಂಡತಿಯಾದರೂ ತಡೆಯುತ್ತಿದ್ದಳು. ನಾನು ಸುಮ್ಮನೆ ನಿಂತು ನೋಡಿದೆ. ನಮ್ಮ ನೊಗಾಲೆಸ್‌ನ ಅರ್ಧ ಊರು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ನನಗೆ ಅಳು ಬರಲಿಲ್ಲ. ಕಾಲಿಗೆ ಹೊಸ ಚಪ್ಪಲಿ ಕಚ್ಚುತ್ತಿದ್ದದ್ದು ಮಾತ್ರ ಗೊತ್ತಾಗುತ್ತಿತ್ತು.

ಆಮೇಲೂ ಹಾಗೇ. ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ. ಸೊಕೋರ್ರೊ ದಿನಾ ಬಂದು ಅಡುಗೆಮನೆಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು, ಹಾಲು ಯಾವಾಗ ಉಕ್ಕುತ್ತದೋ ಎಂದು ಒಲೆಯ ಮುಂದೆ ಕಾಯುವವರ ಹಾಗೆ.

"ಅತ್ತಿಗೆ, ಒಂದು ಸಲ ಅತ್ತುಬಿಡು. ಊರೋರು ಏನೇನೋ ಮಾತಾಡ್ತಿದಾರೆ."

"ಊರೋರಿಗೆ ಬೇಕಾದ್ರೆ ಇನ್ನೊಂದು ಸಲ ಅವರೇ ಅಳ್ಲಿ."

"ನಿಂದು ಎದೆನೋ ಕಲ್ಲೋ?"

ನನಗೂ ಅದೇ ಅನುಮಾನ ಶುರುವಾಗಿತ್ತು. ಮೂವತ್ತು ವರ್ಷ ಜೊತೆಗೆ ಬಾಳಿದವನು ಹೋದರೂ ಒಳಗೆ ಏನೂ ಆಗುತ್ತಿಲ್ಲವೆಂದರೆ, ಆ ಬಾಳು ಎಂಥದ್ದು? ರಾತ್ರಿಯಲ್ಲ, ಹಗಲು ಹೊತ್ತಿನಲ್ಲೇ, ಪಾತ್ರೆ ತೊಳೆಯುವಾಗ ಇದನ್ನು ಯೋಚಿಸಿ ಹೆದರುತ್ತಿದ್ದೆ. ಈ ಹೆದರಿಕೆಯೊಂದನ್ನು ಬಿಟ್ಟರೆ ನನ್ನೊಳಗೆ ಬೇರೇನೂ ಇರಲಿಲ್ಲ.

ಬೇಸಿಗೆಯಲ್ಲಿ, ಅವನಿನ್ನೂ ಇದ್ದಾಗ, ಬೇಟೆ ಇಲಾಖೆಯವರು ಚೀಟಿ ಎತ್ತಿದಾಗ ಡಿಸೆಂಬರಿನಲ್ಲಿ ಒಂದು ಜಿಂಕೆ ಹೊಡೆಯುವ ಪರ್ಮಿಟ್ ನನ್ನ ಹೆಸರಿಗೆ ಬಂದಿತ್ತು. ಹೋಗುತ್ತೇನೆ ಎಂದಾಗ ಸೊಕೋರ್ರೊ ನಕ್ಕೇಬಿಟ್ಟಳು.

"ಅಣ್ಣ ಬೆರಳು ಮಾಡಿ ತೋರಿಸದೆ ನಿನಗೆ ಯಾವತ್ತು ಜಿಂಕೆ ಕಂಡಿದೆ? ಎದುರಿಗೆ ಬಸ್ಸು ನಿಂತ್ರೂ ಕಾಣಲ್ಲ ನಿನಗೆ."

ಅದು ಸುಳ್ಳಲ್ಲ. ನಮ್ಮಲ್ಲಿ ಈ ಬೇಟೆ ಇಬ್ಬರ ಕೆಲಸ. ಒಬ್ಬರು ದುರ್ಬೀನನ್ನು ಮೂರು ಕಾಲಿನ ಟ್ರೈಪಾಡಿಗೆ ಕೂರಿಸಿ ಎದುರಿನ ಗುಡ್ಡವನ್ನು ಜಾಲಾಡುತ್ತಾರೆ. ಸಿಕ್ಕಿದ ಮೇಲೆ ಅವರು ಕಣ್ಣು ಕೀಳುವಂತಿಲ್ಲ. ಅಲ್ಲಿಂದಲೇ ಬಾಯಿಮಾತಿನಲ್ಲಿ ಇನ್ನೊಬ್ಬರ ಬಂದೂಕನ್ನು ಜಿಂಕೆಯ ಮೇಲೆ ತಂದು ನಿಲ್ಲಿಸಬೇಕು. ನಮ್ಮ ಮರುಭೂಮಿಯ ಜಿಂಕೆಗೆ ಬೂದು ದೆವ್ವ ಎಂದೇ ಹೆಸರು. ಒಮ್ಮೆ ಕಣ್ಣು ಕಿತ್ತರೆ ಅದು ಅಲ್ಲೇ ನಿಂತಿದ್ದರೂ ಇರುವುದಿಲ್ಲ. ಹುಡುಕುವುದು ಯಾವಾಗಲೂ ಎವರಿಸ್ಟೊ, ಹೊಡೆಯುವುದು ನಾನು. ನನ್ನ ಪಾಲಿನ ಜಿಂಕೆಯನ್ನು ನಾನೇ ಹುಡುಕಿದ್ದು ಒಂದೂ ಇಲ್ಲ.

ಬೇಟೆ ಸಾಮಾನು ಮಾರುವ ವೆಂಡೆಲ್‌ನ ಅಂಗಡಿಗೆ ಹೋದೆ. ಮುದುಕ, ನಮ್ಮಿಬ್ಬರನ್ನೂ ಮದುವೆಗೆ ಮುಂಚಿನಿಂದ ಬಲ್ಲವನು. ಸಮಾಧಾನದ ಮಾತು ಶುರುಮಾಡಲು ಬಾಯಿ ತೆರೆದ. ನಾನು ಅದಕ್ಕೆ ಮೊದಲೇ "ದುರ್ಬೀನು ತೋರ್ಸು" ಎಂದೆ.

ಎರಡನ್ನು ಗಾಜಿನ ಮೇಜಿನ ಮೇಲಿಟ್ಟ. ಒಂದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದು, ಇನ್ನೊಂದು ಹದಿನೈದು ಪಟ್ಟು.

"ಒಬ್ಬಳೇ ಹೋಗೋದಾದ್ರೆ ಹತ್ತು ಸಾಕು ತೆಂಚಾ. ಕೊರಳಿಗೆ ಹಾಕ್ಕೊಂಡು ನಡೀಬಹುದು, ಕೈಯಲ್ಲಿ ಹಿಡಿದ್ರೂ ನಡುಗಲ್ಲ, ಅಗಲಕ್ಕೆ ಕಾಣುತ್ತೆ. ಹದಿನೈದು ಟ್ರೈಪಾಡ್ ಇಲ್ದೆ ಪ್ರಯೋಜನ ಇಲ್ಲ."

ಎರಡನ್ನೂ ಅಂಗಡಿಯ ಬಾಗಿಲಿಗೆ ಒಯ್ದು ಆಚೆಯ ದಿಣ್ಣೆಯನ್ನು ನೋಡಿದೆ. ಹತ್ತರಲ್ಲಿ ದಿಣ್ಣೆ ಕಂಡಿತು, ಪೊದೆಗಳು ಕಂಡವು. ಹದಿನೈದರಲ್ಲಿ ಪೊದೆಯ ಕೆಳಗಿನ ನೆರಳಿನೊಳಗೆ ಕೂತ ಮೊಲ ಕಂಡಿತು. ನಮ್ಮ ಜಿಂಕೆ ಇರುವುದೇ ನೆರಳಿನೊಳಗೆ.

"ಹದಿನೈದು."

"ಸರಿ. ಹಾಗಾದ್ರೆ ಟ್ರೈಪಾಡ್ ಒಂದೇ ತಗೋ. ಮೇಲಿನ ಹಿಡಿಕೆ ಹೀಗೆ ಸಡಿಲ ಮಾಡಿದ್ರೆ ದುರ್ಬೀನು ಬಂತು, ಅದೇ ಜಾಗಕ್ಕೆ ಬಂದೂಕು ಕೂತ್ಕೊಳ್ತು. ಒಂಟಿಯಾಗಿ ಹೋಗೋರೆಲ್ಲ ಇದನ್ನೇ ಒಯ್ಯೋದು."

"ದುರ್ಬೀನು ತೆಗೆದ್ರೆ ಜಿಂಕೆ ಕಳೀತು."

"ಕಳೀತದೆ, ಮತ್ತೆ ಹುಡುಕಬೇಕು. ಒಂಟಿ ಅಂದ್ರೆ ಅಷ್ಟೇ ಅಲ್ವಾ."

"ಎರಡು ಕೊಡು. ದುರ್ಬೀನಿಗೆ ಒಂದು, ಬಂದೂಕಿಗೊಂದು."

"ಎರಡನ್ನೂ ಗುಡ್ಡ ಹತ್ತಿಸ್ತೀಯಾ? ಈ ವಯಸ್ಸಲ್ಲಿ?"

"ನಿನ್ನ ಬೆನ್ನ ಮೇಲಲ್ಲ ತಾನೆ?"

ಅವನು ನಕ್ಕು ಒಳಗಿಂದ ಇನ್ನೊಂದನ್ನು ತಂದ. ಬಂದೂಕಿಗೆ ದಪ್ಪ ಕಾಲಿನದು, ಗಾಳಿಗೆ ಅಲುಗದ್ದು. ದುರ್ಬೀನಿಗೆ ಹಗುರವಾದದ್ದು, ತಲೆ ಬೆಣ್ಣೆಯಂತೆ ತಿರುಗುವುದು. ನೆಲದಲ್ಲಿ ಕೂತು ಪರೀಕ್ಷಿಸಿ ನೋಡೆಂದ. ನಾನೇ ಕಾಲುಗಳನ್ನು ಎಳೆದು, ಬಿಗಿಮಾಡಿ, ಕೂತೆ. ಕಣ್ಣಿಗೆ ಗಾಜು ಎಟುಕಲಿಲ್ಲ. ಕತ್ತು ಚಾಚಿದರೂ ಎಟುಕಲಿಲ್ಲ. ನಾನು ಅದನ್ನು ಎವರಿಸ್ಟೊನ ಎತ್ತರಕ್ಕೆ ನಿಲ್ಲಿಸಿದ್ದೆ. ವೆಂಡೆಲ್ ಬಗ್ಗಿ ಒಂದೊಂದೇ ಕಾಲನ್ನು ತಗ್ಗಿಸಿ ನನ್ನ ಕಣ್ಣಿಗೆ ಸರಿಮಾಡಿದ. ಮುದುಕನ ಕಣ್ಣು ತುಂಬಿತ್ತು. ನನ್ನದು ಒಣಗಿತ್ತು. ನಾಚಿಕೆಯಾಯಿತು.

ಬೇಟೆಯ ಮೊದಲ ದಿನ ನಸುಕಿಗೆ ಗುಡ್ಡ ಹತ್ತಿದೆ. ಎರಡು ಟ್ರೈಪಾಡೂ ಬೆನ್ನು ಮುರಿದವು, ವೆಂಡೆಲ್ ಹೇಳಿದ್ದು ಸರಿ. ಒಂದರ ಮಗ್ಗುಲಿಗೆ ಒಂದು ನೆಟ್ಟು ನಡುವೆ ಕೂತೆ. ಬಿಸಿಲು ಬಿತ್ತು. ಎದುರಿನ ಗುಡ್ಡವನ್ನು ಬಲದಿಂದ ಎಡಕ್ಕೆ, ಆಮೇಲೆ ಒಂದು ಗೆರೆ ಕೆಳಗಿಳಿದು ಎಡದಿಂದ ಬಲಕ್ಕೆ, ಮೊರದಲ್ಲಿ ಕಾಳು ಆರಿಸಿದ ಹಾಗೆ ನೋಡುತ್ತ ಹೋದೆ. ಕಲ್ಲು, ಕಳ್ಳಿ, ಕಲ್ಲು. ಇಡೀ ಗುಡ್ಡ ಮುಗಿಸಿ ಮತ್ತೆ ಮೇಲಿನಿಂದ ಶುರುಮಾಡಿದೆ. ಸೊಂಟ ಹಿಡಿಯಿತು. ತಂದಿದ್ದ ಬುರಿಟೊ ತಿಂದೆ. ರುಚಿ ಇತ್ತೋ ಇಲ್ಲವೋ ಗೊತ್ತಿಲ್ಲ.

ಮೂರನೆಯ ಸಲ ನೋಡುವಾಗ ಒಂದು ಕಲ್ಲು ಕಿವಿ ಆಡಿಸಿತು.

ಮೆಸ್ಕೀಟ್ ಗಿಡದ ನೆರಳಿನಲ್ಲಿ ಗಂಡು ಜಿಂಕೆ ಮಲಗಿತ್ತು. ಕೊಂಬು, ಮೂಗು, ಕಣ್ಣಿನ ಸುತ್ತ ಬಿಳಿ. ನಾನೇ ಹುಡುಕಿದ್ದು, ನನ್ನ ಆಯುಸ್ಸಿನಲ್ಲಿ ಮೊದಲನೆಯದು. ಸಂತೋಷವಾಗಬೇಕಿತ್ತು. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನೋಡಿಕೊಂಡ ಹಾಗಾಯಿತು, ಅದಕ್ಕಿಂತ ಹೆಚ್ಚೇನೂ ಇಲ್ಲ.

ಬಂದೂಕಿನ ಕಡೆ ಸರಿದೆ. ಅದರ ಮೇಲೆ ಕೂರಿಸಿದ ಗುರಿಯ ಗಾಜಿನಲ್ಲಿ ಬರೀ ಕಲ್ಲು. ಮತ್ತೆ ದುರ್ಬೀನಿಗೆ ಬಂದೆ, ಜಿಂಕೆ ಅಲ್ಲೇ ಇತ್ತು. ಮತ್ತೆ ಬಂದೂಕು, ಮತ್ತೆ ಕಲ್ಲು. ಆಗ ಬಾಯಿ ತಾನಾಗಿ ತೆರೆಯಿತು.

"ಸೀಳಿದ ಬಂಡೆ ಕಂಡ್ತಾ? ಅದರ ಕೆಳಗೆ ಬಾ. ಒಣಗಿದ ಕಳ್ಳಿ. ಅಲ್ಲಿಂದ ಎರಡು ಬೆರಳು ಎಡಕ್ಕೆ. ನಿಧಾನ ಕಣೇ, ನಿಧಾನ."

ಮಾತು ಅವನದು, ದನಿ ನನ್ನದು. ಹೇಳಿಕೊಳ್ಳುತ್ತಲೇ ಸರಿದೆ. ಸಿಕ್ಕಿತು. ಜಿಂಕೆ ಎದ್ದು ಮೈಮುರಿದು ಅಡ್ಡಲಾಗಿ ನಿಂತಿತು. ಉಸಿರು ಅರ್ಧ ಬಿಟ್ಟು ಬಂದೂಕಿನ ಕುದುರೆ ಎಳೆದೆ.

ಗುಂಡು ಹಾರಿದಾಗ ಬಂದೂಕು ಹೆಗಲಿಗೆ ಒದ್ದು ಮೇಲಕ್ಕೆ ನೆಗೆಯುತ್ತದೆ. ಗಾಜಿನ ತುಂಬ ಆಕಾಶ. ಹೊಡೆದವರಿಗೆ ಆ ಗಳಿಗೆಯಲ್ಲಿ ಏನಾಯಿತೆಂದು ಕಾಣುವುದೇ ಇಲ್ಲ, ಕಾಣುವುದು ದುರ್ಬೀನಿನವರಿಗೆ. ಅದಕ್ಕೇ ನಾನು ಯಾವತ್ತೂ ಹೊಡೆದ ಮೇಲೆ ತಲೆ ಎತ್ತುತ್ತಿರಲಿಲ್ಲ. ಹಾಗೇ ಕೆನ್ನೆಯನ್ನು ಬಂದೂಕಿನ ಮರದ ಹಿಡಿಗೆ ಒತ್ತಿಕೊಂಡು ಕಾಯುವುದು. ಎವರಿಸ್ಟೊ ಬಿತ್ತು ಅನ್ನುತ್ತಿದ್ದ, ಇಲ್ಲವೇ ತಪ್ಪಿತು ಅನ್ನುತ್ತಿದ್ದ.

ಹಾಗೇ ಕಾದೆ. ಸದ್ದು ಕಣಿವೆಯಲ್ಲೆಲ್ಲ ತಿರುಗಿ ಅಡಗಿತು. ಗಾಳಿ ನಿಂತಿತ್ತು. ಇನ್ನೂ ಕಾದೆ. ಇಷ್ಟು ತಡ ಯಾಕೆ ಮಾಡುತ್ತಾನೆ ಎಂದು ಸಿಟ್ಟೇ ಬಂತು.

"ಏನಾಯ್ತೋ? ಹೇಳೋ," ಎಂದೆ.

ಯಾರೂ ಹೇಳಲಿಲ್ಲ.

ತಿರುಗಿ ನೋಡಿದೆ. ದುರ್ಬೀನಿನ ಹಿಂದೆ ಯಾರೂ ಕೂತಿರಲಿಲ್ಲ. ಅಕ್ಟೋಬರಿನಲ್ಲಿ ಅವನ ಮೇಲೆ ಮಣ್ಣು ಹಾಕಿ ಬಂದದ್ದು ನನಗೆ ಆಗ ತಿಳಿಯಿತು. ಹೊಟ್ಟೆಯ ಬುಡದಿಂದ ಎದ್ದ ಅಳು ನನ್ನನ್ನು ಮಗುಚಿ ಹಾಕಿತು. ಕಲ್ಲಿನ ಮೇಲೆ ಬಿದ್ದು, ನಾಯಿಯ ಹಾಗೆ ಊಳಿಟ್ಟು ಅತ್ತೆ.

ಎಷ್ಟು ಹೊತ್ತೋ ಗೊತ್ತಿಲ್ಲ. ಗುಂಡು ತಗುಲಿದ ಪ್ರಾಣಿಯನ್ನು ಹಾಗೇ ಬಿಟ್ಟು ಬರುವ ರೂಢಿ ನಮ್ಮಲ್ಲಿಲ್ಲ. ತಗುಲಿದೆಯೋ ಇಲ್ಲವೋ ಹೇಳುವವರಿರಲಿಲ್ಲ, ನಾನೇ ಹೋಗಿ ನೋಡಬೇಕಿತ್ತು. ಎದ್ದು, ಬಂದೂಕು ಹೆಗಲಿಗೇರಿಸಿ, ಅಳುತ್ತಲೇ ಕಣಿವೆಗೆ ಇಳಿದೆ.