ಅಕ್ಕನಿಗೆ ಯಾರೂ ಹೇಳಲಿಲ್ಲ

ನಮ್ಮ ಬೀದಿಯ ಟಿವಿಗಳಲ್ಲೆಲ್ಲ ಕೆಳಗಡೆ ಒಂದು ಸಾಲು ಓಡತೊಡಗಿತ್ತು. ‘ಮುಂದಿನ ತಿಂಗಳಿಂದ ಹಳೆಯ ಪ್ರಸಾರ ನಿಲ್ಲುತ್ತದೆ. ಟಿವಿಗೆ ಹೊಸ ಸೆಟ್‌ಟಾಪ್ ಪೆಟ್ಟಿಗೆ ಹಾಕಿಸಿಕೊಳ್ಳಿ.’ ಓದಿದವರು ಓದಿದರು, ಬಿಟ್ಟವರು ಬಿಟ್ಟರು. ನಾನು ಓದಿ ನಕ್ಕುಬಿಟ್ಟೆ. ನಗಬಾರದಿತ್ತು.

ನಾನು ಪುಸ್ತಕ ಬೈಂಡಿಂಗ್ ಮಾಡುವವನು. ಮನೆಯ ಮುಂದಿನ ಕೋಣೆಯೇ ನಮ್ಮ ಕಾರ್ಖಾನೆ. ಒಂದು ಗೋಡೆಗೆ ರಟ್ಟು, ಇನ್ನೊಂದು ಗೋಡೆಗೆ ಮಡಿಸಿದ ಹಾಳೆಗಳ ಕಟ್ಟು, ಮೂಲೆಯಲ್ಲಿ ಅಂಟಿನ ಕೈ ತೊಳೆಯಲು ಒಂದು ನಲ್ಲಿ. ನಾನು ರಟ್ಟು ಕತ್ತರಿಸುತ್ತೇನೆ, ಹೆಂಡತಿ ಅಂಟು ಹಚ್ಚುತ್ತಾಳೆ, ಅಕ್ಕ ಹಾಳೆಗಳನ್ನು ದಾರದಲ್ಲಿ ಹೊಲಿಯುತ್ತಾಳೆ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳ ಕಾಲದಲ್ಲಿ ಅಂಥವರನ್ನು ಶಾಲೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಸಾವಿರಾರು ಪುಸ್ತಕ ಹೊಲಿದಿದ್ದಾಳೆ, ಒಂದನ್ನೂ ಓದಿಲ್ಲ.

ಆದರೆ ದಿನಾ ಮಧ್ಯಾಹ್ನ ಹನ್ನೆರಡಾಯಿತೆಂದರೆ ಸೂಜಿ ಕೆಳಗಿಟ್ಟು ಟಿವಿ ಮುಂದೆ ಕೂರುವಳು. ಆಗ ಕೈಸನ್ನೆಯ ವಾರ್ತೆ. ಪರದೆಯ ಮೂಲೆಯಲ್ಲಿ ಒಬ್ಬ ಹೆಂಗಸು ನಿಂತು ಕೈಯಲ್ಲೇ ಸುದ್ದಿಯೆಲ್ಲ ಹೇಳುವಳು. ವರ್ಷಗಟ್ಟಲೆ ನೋಡಿ ನೋಡಿಯೇ ಅಕ್ಕ ಆ ಸನ್ನೆಗಳನ್ನು ಕಲಿತಿದ್ದಳು. ಅದು ಮುಗಿದ ಮೇಲೆ ಅಕ್ಕ ಬಂದು ನಮಗೆ ವರದಿ ಒಪ್ಪಿಸುವಳು. ಎಲ್ಲಿ ಸೇತುವೆ ಕುಸಿಯಿತು, ಯಾವ ಮಂತ್ರಿ ರಾಜೀನಾಮೆ ಕೊಟ್ಟ, ಎಲ್ಲವೂ. ಮಂತ್ರಿಯ ಹೊಟ್ಟೆ ಎಷ್ಟು ಮುಂದಕ್ಕೆ ಬಂದಿದೆ ಎಂದು ನಡೆದು ತೋರಿಸಿ ನಗಿಸುವಳು. ಎರಡು ಕಿವಿ ಇದ್ದ ನಮಗೆ ಸುದ್ದಿ ಗೊತ್ತಾಗುತ್ತಿದ್ದುದೇ ಅವಳಿಂದ.

ಟಿವಿ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದಾನೆ. ಬೀದಿಯೆಲ್ಲ ಅವನನ್ನು ‘ಆಂಟೆನಾ’ ಎಂದೇ ಕರೆಯುವುದು. ಒಂದು ಬೆಳಿಗ್ಗೆ ಅರ್ಜಿಯ ಕಟ್ಟು ಹಿಡಿದು ಬಂದ.

“ಲೋ, ಇದಕ್ಕೊಂದು ಸಹಿ ಹಾಕು. ಹೊಸ ಪೆಟ್ಟಿಗೆ ದುಡ್ಡು ಸರ್ಕಾರ ಕೊಡುತ್ತೆ. ಆದಾಯ ಕಡಿಮೆ ಇರೋ ಮನೆಗಳಿಗೆ. ತಿಂಗಳ ಕೊನೆಯೊಳಗೆ ಕೊಡಬೇಕು.”

“ನಿನಗೆಷ್ಟು ಕಮಿಷನ್ನು?”

“ಒಂದು ಲೋಟ ಚಹಾ. ಅದನ್ನೂ ನೀನು ಕೊಡಲ್ಲ ಅಂತ ಗೊತ್ತು.”

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. “ಟಿವಿ ನೋಡೋಕೆ ಸರ್ಕಾರ ಯಾಕೋ ದುಡ್ಡು ಕೊಡಬೇಕು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಅತ್ತೆ ಸೊಸೆ ಜಗಳ ನೋಡೋಕೆ ನಾವು ತೆರಿಗೆ ಕಟ್ಟಬೇಕಾ? ಆ ದುಡ್ಡಲ್ಲಿ ರಸ್ತೆ ಮಾಡ್ಲಿ, ಆಸ್ಪತ್ರೆಗೆ ಔಷಧಿ ತರ್ಲಿ.”

“ರಸ್ತೆನೂ ಬೇಕು ಕಣೋ, ಬೇಡ ಅಂದೋರ್ಯಾರು? ಆದ್ರೆ ಹಳೇ ಪ್ರಸಾರ ನಿಲ್ಲಿಸ್ತಿರೋದು ಯಾರು? ಸರ್ಕಾರ ತಾನೆ? ಬೀಗ ಬದಲಾಯಿಸಿದೋರೇ ಹೊಸ ಬೀಗದ ಕೈ ಕೊಡಬೇಕಪ್ಪ. ಬಿರುಗಾಳಿ ಬರುತ್ತೆ, ರೋಗ ಹರಡ್ತಿದೆ ಅಂತ ಹೇಳೋದೂ ಅವರ ಕೆಲಸಾನೇ. ಹೇಳಿದ್ದು ಮನೆ ಮುಟ್ಟಬೇಡ್ವಾ?”

“ಅದಕ್ಕೆ ರೇಡಿಯೋ ಇದೆ. ಬೀದೀಲಿ ಮೈಕ್ ಗಾಡಿ ಬರುತ್ತೆ.”

“ಮೈಕು ಅಕ್ಕನಿಗೆ ಕೇಳುತ್ತೇನೋ?”

ಆ ಮಾತು ನನಗೆ ಚುಚ್ಚಿತು. ಚುಚ್ಚಿದ್ದಕ್ಕೇ ಇನ್ನಷ್ಟು ಜೋರಾದೆ. “ಅಕ್ಕನಿಗೆ ನಾನಿದ್ದೀನಿ. ಏನೇ ಸುದ್ದಿ ಇದ್ರೂ ನಾನು ಹೇಳ್ತೀನಿ. ಬಿಟ್ಟಿ ಪೆಟ್ಟಿಗೆಗೆ ಕೈ ಚಾಚೋ ಮನೆ ಅಲ್ಲ ನಮ್ದು.”

ಹೆಂಡತಿ ಅಂಟಿನ ಕೈಯಲ್ಲೇ ಹತ್ತಿರ ಬಂದಳು. “ರೀ, ಅತ್ತಿಗೆನ ಒಂದು ಮಾತು ಕೇಳಿ. ಅವರೇ ತಾನೆ ನೋಡೋದು?”

“ಅವಳಿಗೇನು ಕೇಳೋದು?” ಎಂದೆ.

ಅಕ್ಕ ಅಲ್ಲೇ ಕೂತಿದ್ದಳು. ನಮ್ಮ ಮೂವರ ಮುಖ ನೋಡಿದಳು, ಕಾಗದ ನೋಡಿದಳು, ಏನದು ಎಂದು ಕೈಯಾಡಿಸಿ ಕೇಳಿದಳು. ಏನಿಲ್ಲ ಎಂದು ಕೈಯಾಡಿಸಿದೆ. ಆಂಟೆನಾ ಅರ್ಜಿ ಮಡಿಸಿಕೊಂಡು ಹೊರಟುಹೋದ.

ಮುಂದಿನ ತಿಂಗಳು ಒಂದನೇ ತಾರೀಕು ಪರದೆಯಲ್ಲಿ ಬರೀ ಚುಕ್ಕೆ ಕುಣಿಯಿತು. ಅಕ್ಕ ಟಿವಿಯ ತಲೆಗೆ ಎರಡು ಏಟು ಕೊಟ್ಟಳು, ವೈರು ಅಲ್ಲಾಡಿಸಿದಳು, ನನ್ನನ್ನು ಎಳೆದುಕೊಂಡು ಬಂದು ತೋರಿಸಿದಳು. ಇನ್ನು ಬರುವುದಿಲ್ಲ, ಸುದ್ದಿಯೆಲ್ಲ ನಾನೇ ಹೇಳುತ್ತೇನೆ ಎಂದು ಎದೆ ಮುಟ್ಟಿಕೊಂಡು ತಿಳಿಸಿದೆ. ಪಾಪ, ನಂಬಿದಳು.

ಒಂದು ವಾರ ಹೇಳಿದೆ. ಆಮೇಲೆ ಶಾಲೆಗಳ ನೋಟ್‌ಬುಕ್ಕಿನ ಕೆಲಸ ಬಂತು. ಅವಳು ಬಂದು ಭುಜ ಮುಟ್ಟಿ ಕೇಳಿದರೆ ಆಮೇಲೆ ಎಂದು ಕೈ ಮಾಡುತ್ತಿದ್ದೆ. ದಿನಾ ಆಮೇಲೆ, ದಿನಾ ಆಮೇಲೆ. ಬರಬರುತ್ತಾ ಕೇಳುವುದನ್ನೇ ಬಿಟ್ಟಳು. ಹನ್ನೆರಡಾದರೂ ಸೂಜಿ ಕೆಳಗಿಡುತ್ತಿರಲಿಲ್ಲ. ಕೆಲಸ ಜಾಸ್ತಿ ಆಗುತ್ತಿದೆಯಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಎಂಥ ಬುದ್ಧಿ ನನ್ನದು!

ಒಂದು ದಿನ ಎಲ್ಲೋ ನೆಲದಡಿ ಪೈಪು ಒಡೆದು ಕುಡಿಯುವ ನೀರಿಗೆ ಚರಂಡಿ ನೀರು ಸೇರಿತು. ಮೈಕ್ ಗಾಡಿ ಬೀದಿ ಬೀದಿ ಸುತ್ತಿತು. ‘ನೀರು ಕುದಿಸದೆ ಕುಡಿಯಬೇಡಿ.’ ನಾನಾಗ ಸಿದ್ಧವಾದ ಪುಸ್ತಕ ಹೊತ್ತು ಮುದ್ರಣಾಲಯಕ್ಕೆ ಹೋಗಿದ್ದೆ, ಅಲ್ಲೇ ಕೇಳಿಸಿತು. ಹೆಂಡತಿಗೆ ಕೇಳಿಸಿರುತ್ತದೆ, ಅಕ್ಕನಿಗೆ ಅವಳೇ ಹೇಳಿರುತ್ತಾಳೆ ಎಂದುಕೊಂಡೆ. ಹೆಂಡತಿಗೆ ಅಡುಗೆಮನೆಯಲ್ಲಿ ಕೇಳಿಸಿತ್ತು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿಟ್ಟಳು. ಸುದ್ದಿ ಹೇಳುವುದು ನನ್ನ ಪಾಲಿನ ಕೆಲಸವೆಂದು ನಾನೇ ಸಾರಿದ್ದೆನಲ್ಲ, ನಾನು ಹೇಳಿರುತ್ತೇನೆ ಎಂದು ಅವಳು ಅಂದುಕೊಂಡಳು.

ಅಕ್ಕ ಎಂದಿನಂತೆ ಕೋಣೆಯ ಮೂಲೆಯ ನಲ್ಲಿಗೆ ಬೊಗಸೆಯೊಡ್ಡಿ ಕುಡಿದಳು. ಮೂರು ದಿನ ಕುಡಿದಳು.

ಮೂರನೆಯ ಸಂಜೆ ವಾಂತಿ, ಭೇದಿ. ಬೆಳಗಾಗುವಷ್ಟರಲ್ಲಿ ಕಣ್ಣು ಗುಳಿಬಿದ್ದಿದ್ದವು. ಆಸ್ಪತ್ರೆಯ ಡಾಕ್ಟರಮ್ಮ ನಾಡಿ ಹಿಡಿದವರೇ ನಮ್ಮ ಕಡೆ ತಿರುಗಿದರು. “ಊರಿಗೆಲ್ಲ ಹೇಳಿದ್ರಲ್ಲಪ್ಪ, ನೀರು ಕುದಿಸಿ ಅಂತ. ಇವರಿಗೆ ಹೇಳಲಿಲ್ವಾ?”

“ನೀನು ಹೇಳಿಲ್ವಾ?” ಎಂದೆ ಹೆಂಡತಿಗೆ.

“ನೀವು ಹೇಳಿರ್ತೀರ ಅಂದ್ಕೊಂಡೆ ಕಣ್ರೀ,” ಎಂದು ಅಲ್ಲೇ ಕುಸಿದು ಅತ್ತಳು.

ಹನ್ನೊಂದು ದಿನ ಅಕ್ಕ ಮಂಚದ ಮೇಲಿದ್ದಳು. ಆಂಟೆನಾ ನೋಡಲು ಬಂದ. ನನ್ನನ್ನು ಹಂಗಿಸಲಿಲ್ಲ. ಹಂಗಿಸಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದ, “ಪೈಪು ಒಡೆದ ದಿನ ಮಧ್ಯಾಹ್ನ ಕೈಸನ್ನೆ ವಾರ್ತೇಲಿ ಮೊದಲ ಸುದ್ದಿನೇ ಅದಾಗಿತ್ತು ಕಣೋ. ಆ ಹೆಂಗಸು ಎರಡೆರಡು ಸಲ ಕೈ ಮಾಡಿ ಹೇಳಿದ್ಲು.”

ಐದನೆಯ ದಿನ ಅಕ್ಕನಿಗೆ ಕೈಯೆತ್ತುವಷ್ಟು ಶಕ್ತಿ ಬಂತು. ಪಕ್ಕದ ಹಾಸಿಗೆಯವರು ಕುದಿಸಿದ ನೀರಿನ ಫ್ಲಾಸ್ಕ್ ತೋರಿಸಿ ಅವಳಿಗೆ ಏನೋ ವಿವರಿಸಿದ್ದರು. ಅವಳು ನನ್ನನ್ನು ಹತ್ತಿರ ಕರೆದು ಕೇಳಿದಳು. ನೀರು ಕೆಟ್ಟಿದೆ ಅಂತ ನಿನಗೆ ಗೊತ್ತಿತ್ತಾ? ನಿನ್ನ ಹೆಂಡತಿಗೆ ಗೊತ್ತಿತ್ತಾ? ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತಾ?

ಸುಳ್ಳು ಹೇಳೋಣ ಅನ್ನಿಸಿತು. ಕೈ ಬರಲಿಲ್ಲ. ಹೌದು ಎಂದು ತಲೆಯಾಡಿಸಿದೆ.

ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ಮುಚ್ಚಿದರೆ ಅವಳ ಜೊತೆ ಮಾತಾಡಲು ಬೇರೆ ದಾರಿಯಿಲ್ಲ. ತಪ್ಪಾಯ್ತು ಎಂದು ಹೇಳಬೇಕೆಂದರೂ ಆಗುವುದಿಲ್ಲ. ಅವಳ ಕಾಲ ಬಳಿ ನಿಂತು ಅತ್ತೆ.

ಬಿಟ್ಟುಹೋದವರಿಗೆಂದು ಸರ್ಕಾರ ಇನ್ನೊಮ್ಮೆ ಅವಕಾಶ ಕೊಟ್ಟಿತು. ಈ ಸಲ ನಾನೇ ಆಂಟೆನಾನ ಅಂಗಡಿಗೆ ಓಡಿದೆ. ಅಕ್ಕನ ಮುಂದೆ ಕೂತು ಅರ್ಜಿಯಲ್ಲಿ ಏನಿದೆ ಎಂದು ಒಂದೊಂದಾಗಿ ತಿಳಿಸಿದೆವು. ಅವಳ ಹೆಸರಿನಲ್ಲೇ ಅರ್ಜಿ, ಅವಳದೇ ಹೆಬ್ಬೆಟ್ಟು. ಪೆಟ್ಟಿಗೆ ಬಂತು. ವಾರ್ತೆಯೂ ಬಂತು. ನಾನೂ ಹೆಂಡತಿಯೂ ಪಕ್ಕದಲ್ಲಿ ಕೂತು ಆ ಹೆಂಗಸಿನ ಕೈ ನೋಡಿ ಕಲಿಯುತ್ತೇವೆ. ಅಕ್ಕ ಈಗ ಅರ್ಧ ಗಂಟೆ ಹೊಲಿದರೆ ಒಂದು ಗಂಟೆ ಮಲಗಬೇಕು. ಸುದ್ದಿ ನೋಡುತ್ತಾಳೆ, ಆದರೆ ಮೊದಲಿನಂತೆ ಬಂದು ನಮ್ಮನ್ನು ನಗಿಸುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಬಂದದ್ದು ಹಾಗೆ.

ಅಣ್ಣಂದಿರೇ, ಅಕ್ಕಂದಿರೇ, ಸರ್ಕಾರ ಟಿವಿಗೆ ಹಣ ಕೊಡಬೇಕೋ ಬೇಡವೋ ಎಂದು ವಾದ ಮಾಡಿ. ತಪ್ಪಿಲ್ಲ. ಆದರೆ ನಿಮ್ಮ ಮನೆಯಲ್ಲಿ ಕಿವಿ ಕೇಳದವರು, ಹಾಸಿಗೆ ಹಿಡಿದವರು, ಓದು ಬಾರದವರು ಇದ್ದರೆ ಮೊದಲು ಅವರ ಮುಂದೆ ಕೂತು ವಾದ ಮಾಡಿ. ಅವರ ಪರವಾಗಿ ನೀವು ಬೇಡ ಅನ್ನಬೇಡಿ. ಅರ್ಜಿ ನಿಮ್ಮ ಹತ್ತಿರದ ಸರ್ಕಾರಿ ಕಚೇರಿಯಲ್ಲಿ ಸಿಗುತ್ತದೆ. ತುಂಬಲು ಕಾಲು ಗಂಟೆ ಸಾಕು, ಕೊನೆಯ ದಿನದವರೆಗೆ ಕಾಯಬೇಡಿ. ಇವತ್ತೇ ಹೋಗಿ. ನಿಮಗೆಲ್ಲ ಗೊತ್ತಿತ್ತಾ ಎಂದು ನಿಮ್ಮ ಮನೆಯಲ್ಲಿ ಯಾರೂ ಕೇಳುವಂತಾಗದಿರಲಿ.