ಕರೆದವರಿಗಷ್ಟೇ ನಡುಮನೆ

ಎರಡು ಸಾವಿರದ ಐದನೆಯ ಇಸವಿಯ ಬೇಸಿಗೆ. ಕೊಟ್ಟೂರಿನ ಸಂತೆಪೇಟೆಯ ಹಿಂದಿನ ಓಣಿಯಲ್ಲಿ ನಿವೃತ್ತ ಕನ್ನಡ ಮಾಸ್ತರ ಬೆನಕಪ್ಪನವರ ಮನೆ. ಪಡಸಾಲೆಯಲ್ಲೊಂದು ಕಂಪ್ಯೂಟರು, ಅದರ ಮುಂದೆ ಸೊಸೆ ಗಂಗಾಂಬಿಕಾ. ಊರವರ ಲಗ್ನಪತ್ರಿಕೆ, ಓದುವವರ ಪ್ರಬಂಧ, ಎಲ್ಲವನ್ನೂ ಬೆರಳಚ್ಚು ಮಾಡಿಕೊಡುತ್ತಿದ್ದವಳು ಅವಳೇ. ಆ ದಿನ ಒಂದೇ ಪುಟವನ್ನು ನಾಲ್ಕನೆಯ ಸಲ ಹೊಡೆಯುತ್ತಿದ್ದಳು. ಕಣ್ಣುಗಳು ಉರಿಯುತ್ತಿದ್ದವು, ಹೆಗಲು ಹಿಡಿದುಕೊಂಡಿತ್ತು.

ಅರ್ಧ ಪುಟ ಮುಗಿದಿರಲಿಲ್ಲ, ತೆರೆಯ ಮೇಲೆ ಅದೇ ಚೌಕ ಮತ್ತೆ ಮೂಡಿತು. ಅರವತ್ತು ಸೆಕೆಂಡಿನಲ್ಲಿ ಯಂತ್ರ ತಾನೇ ನಿಲ್ಲುತ್ತದೆ ಎಂಬ ಸೂಚನೆ. ಐವತ್ತೊಂಬತ್ತು, ಐವತ್ತೆಂಟು. ಬರೆದದ್ದನ್ನು ಉಳಿಸಿಕೊಳ್ಳಲು ಹೋದರೆ ಯಾವ ಗುಂಡಿಯೂ ಮಾತು ಕೇಳಲಿಲ್ಲ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅಂಕಿ ಇಳಿಯುವುದನ್ನು ನೋಡುತ್ತ ಕುಳಿತಳು.

"ಏನವ್ವಾ, ಮತ್ತ ಕೈ ಕೊಡ್ತೇನು?" ಎಂದರು ಬೆನಕಪ್ಪ.

"ಹೂಂ ಮಾವಾರ. ಹೊಡದದ್ದೆಲ್ಲಾ ಹೋತು."

"ಬಿಸಲಿಗೆ ಕಾದಿರಬೇಕು ಬಿಡು. ಒಂದೀಟು ಗಾಳಿ ಹಾಕು."

ಆ ಪುಟ ಕೂಡ್ಲಿಗಿಯ ಅಂಜಿನಿಯದು. ಕೂಲಿ ಮಾಡುವವರ ಮನೆಯಿಂದ ಓದಿ ಮೇಲೆ ಬಂದವನು. ತನ್ನ ಅಜ್ಜಿ ಜಂಬಕ್ಕ ಹಾಡಿದ ಬೀಸುವ ಪದಗಳ ಮೇಲೆ ಮಹಾಪ್ರಬಂಧ ಬರೆದಿದ್ದ. ಮುಂದಿನ ತಿಂಗಳ ಮೊದಲ ಸೋಮವಾರ ಅದು ವಿಶ್ವವಿದ್ಯಾಲಯ ಸೇರಬೇಕು. ಸೇರದಿದ್ದರೆ ಅವನ ನೋಂದಣಿ ರದ್ದು, ಐದು ವರ್ಷದ ಓದು ಅಲ್ಲಿಗೇ ಮುಗಿದಂತೆ. ಕೈಬರಹದ ಕಟ್ಟನ್ನು ಅವನು ಒಪ್ಪಿಸಿ ಹೋಗಿದ್ದು ಗಂಗಾಂಬಿಕಾಳನ್ನು ನಂಬಿ.

ಮರುದಿನ ಅರುಣಕುಮಾರ್ ಬಂದ. ಅದೇ ಓಣಿಯವನು, ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರು ಕಲಿಸುತ್ತಿದ್ದವನು.

"ಅಕ್ಕಾರ, ಇದು ಬಿಸಲಲ್ರಿ. ಟೆಲಿಫೋನ್ ತಂತಿ ಹಿಡಕೊಂಡು ಹೊರಗಿಂದ ವೈರಸ್ ಒಳಗ ಬಂದೈತಿ. ನೀವು ಇಂಟರ್ನೆಟ್ಟಿಗೆ ಹೋದಾಗೆಲ್ಲಾ ಹೊರಗಿನವ್ರಿಗೂ ಈ ಬಾಗಲಾ ಕಾಣತೈತಿ. ಇದಕ್ಕ ಕಾವಲ ಇಲ್ಲ."

ಬೆನಕಪ್ಪ ನಕ್ಕರು. "ನಮ್ಮನ್ಯಾಗ ಕದಿಯಾಕ ಏನೈತೋ ತಮ್ಮಾ? ಲಗ್ನಪತ್ರಿಕಿ ತಗೊಂಡು ಊಟಕ್ಕ ಬರ್ತಾರೇನು?"

"ಇದನ್ನ ಬಿಟ್ಟವ್ರಿಗೆ ನಿಮ್ಮ ಪತ್ರಿಕಿ ಬ್ಯಾಡ್ರಿ ಸರ. ನಿಮ್ಮ ಯಂತ್ರದಾಗ ಕುಂತು ಇನ್ನೊಬ್ರ ಮನಿಗೆ ನುಗ್ಗಾಕ ಬೇಕು. ನಿಮ್ಮ ಕೆಲಸ ಕೆಡೋದು ಅವ್ರಿಗೆ ಲೆಕ್ಕಕ್ಕಿಲ್ಲ."

ಅರುಣಕುಮಾರ್ ಯಂತ್ರವನ್ನು ಶುದ್ಧಿಮಾಡಿದ. ಅದರೊಳಗೇ ಇದ್ದ ಫೈರ್‌ವಾಲ್ ಎಂಬ ಕಾವಲುಗೋಡೆಯನ್ನು ಚಾಲೂ ಮಾಡಿದ. ಅಲ್ಲಿಯವರೆಗೆ ಹೊಡೆದಿದ್ದ ಪುಟಗಳನ್ನು ಒಂದು ಸಿ.ಡಿ.ಗೆ ಇಳಿಸಿಕೊಟ್ಟ. "ಚೌಕ ಬಂದು ಒಪ್ಪಿಗಿ ಕೇಳಿದ್ರ ಓದಿ ನೋಡ್ರಿ. ಗೊತ್ತಿಲ್ಲದ್ದಕ್ಕ ಹೂಂ ಅನಬ್ಯಾಡ್ರಿ," ಎಂದು ಹೇಳಿ ಹೋದ.

ಹತ್ತು ದಿನ ಯಂತ್ರ ಸುಮ್ಮನೆ ದುಡಿಯಿತು. ಸೋಮವಾರಕ್ಕೆ ನಾಲ್ಕೇ ದಿನ ಉಳಿದಾಗ, ಗುರುವಾರ ಬೆಳಿಗ್ಗೆ, ಅಂಜಿನಿಯ ಪ್ರಬಂಧ ತೆರೆಯಲೇ ಇಲ್ಲ. ಸಿ.ಡಿ.ಯಲ್ಲಿ ಮೊದಲರ್ಧವಿತ್ತು, ಆಮೇಲೆ ಹೊಡೆದ ಐವತ್ತೆರಡು ಪುಟ ಎಲ್ಲಿಯೂ ಇರಲಿಲ್ಲ. ಗಂಗಾಂಬಿಕಾ ಅಳಲಿಲ್ಲ. ಎದ್ದು ಅರುಣಕುಮಾರ್‌ಗೆ ಹೇಳಿಕಳಿಸಿದಳು.

ಅರುಣಕುಮಾರ್ ಮತ್ತೆ ಬಂದು ಕಾವಲುಗೋಡೆಯ ಪಟ್ಟಿ ತೆರೆದು ನೋಡಿದ. ಹನ್ನೊಂದು ಅಪರಿಚಿತ ಹೆಸರು. ಹನ್ನೊಂದಕ್ಕೂ ಒಪ್ಪಿಗೆ ಸಿಕ್ಕಿತ್ತು.

"ಇದನ್ನ ಯಾರು ಮಾಡ್ಯಾರ?"

ಗಂಗಾಂಬಿಕಾ ಮಾವನ ಕಡೆ ನೋಡಿದಳು. ದಿನವೂ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿದ್ದಾಗ ಇಂಟರ್ನೆಟ್ಟಿನಲ್ಲಿ ದಿನಪತ್ರಿಕೆ ಓದಲು ಯಂತ್ರದ ಮುಂದೆ ಕೂರುತ್ತಿದ್ದವರು ಅವರೊಬ್ಬರೇ.

"ನಾನ ಮಾಡೇನಿ," ಎಂದರು ಬೆನಕಪ್ಪ. "ಚೌಕ ಬರ್ತಿತ್ತು. ಬಿಡಲೋ ಬ್ಯಾಡೋ ಅಂತಿತ್ತು. ಬಿಡು ಅಂದೆ. ಈ ಮನಿ ಬಾಗಲಿಗೆ ಬಂದವ್ರಿಗೆ ನಮ್ಮಪ್ಪನ ಕಾಲದಿಂದ ಇಲ್ಲ ಅಂದಿಲ್ಲ. ಕಂತಿ ಭಿಕ್ಷಾಕ್ಕ ಅಯ್ಯನೋರು ಬಂದ್ರ ಬರೇ ಕೈಲೆ ಕಳಿಸೀವೇನು?"

ಜೋಳಿಗೆ ಹೊತ್ತ ಜಂಗಮ ಅಯ್ಯನವರು ಬೆಳಗಿನ ಹೊತ್ತು ಕಂತಿ ಭಿಕ್ಷೆಗೆ ಬಂದು ನಿಲ್ಲುವುದು ಆ ಓಣಿಯಲ್ಲಿ ಎಲ್ಲರೂ ಬಲ್ಲ ಪದ್ಧತಿ. ಯಾರೂ ನಗಲಿಲ್ಲ. ಅರುಣಕುಮಾರ್ ಮೆಲ್ಲಗೆ ಕೇಳಿದ:

"ಸರ, ಅಯ್ಯನೋರಿಗೆ ಎಲ್ಲಿ ನಿಂತು ನೀಡತೀರಿ?"

"ಹೊಸ್ತಿಲದಾಗ."

"ನಡುಮನಿಗೆ ಅವ್ರು ಯಾವಾಗ ಬರ್ತಾರ?"

"ಪಾದಪೂಜೆಗೆ ನಾವು ಕರದಾಗ. ಕರೀದ ಯಾಕ ಬಂದಾರು?"

"ಈ ಗೋಡಿನೂ ಅಷ್ಟ ಮಾಡತೈತ್ರಿ. ನೀವು ಪತ್ರಿಕಿ ಕೇಳಿದ್ರ ಪತ್ರಿಕಿನ ಒಳಗ ಬಿಡತೈತಿ. ಕರೀದ ಬಂದದ್ದನ್ನ ಹೊರಗ ನಿಲ್ಲಸತೈತಿ. ನೀವು ಹನ್ನೊಂದು ಮಂದಿಗೆ ನಡುಮನಿ ಕೀಲಿ ಕೊಟ್ಟೀರಿ."

ಬೆನಕಪ್ಪ ಕನ್ನಡಕ ತೆಗೆದರು. ಅದನ್ನು ಒರೆಸಿ ಹಾಕಿಕೊಂಡು ಅಂಜಿನಿಯ ಕೈಬರಹದ ಕಟ್ಟು ಕೈಗೆತ್ತಿಕೊಂಡರು. "ಈ ಹುಡುಗನ ಅಕ್ಷರ ಓದಾಕ ನಿನ್ನ ಕಣ್ಣು ಸೋತಾವವ್ವಾ. ನಾ ಓದತೀನಿ, ನೀ ಹೊಡಿ."

ಗುರುವಾರವೆಲ್ಲ ಯಂತ್ರವನ್ನು ಮತ್ತೆ ಶುದ್ಧಿಮಾಡುವುದರಲ್ಲೇ ಹೋಯಿತು. ಶುಕ್ರವಾರದಿಂದ ಮಾವ ಓದಿದರು, ಸೊಸೆ ಹೊಡೆದಳು. ಓದುತ್ತ ಓದುತ್ತ ಅವರು ನಡುನಡುವೆ ನೀರು ಗುಟುಕರಿಸಿದರು. ಹಿಟ್ಟು ಮುಗಿಯದು, ರಟ್ಟೆ ಸೋಲದು ಎಂದು ಹಾಡುತ್ತ ಬೀಸಿದ ಹೆಂಗಸರ ಪದಗಳವು. ಗಂಗಾಂಬಿಕಾಳ ರಟ್ಟೆ ಮಾತ್ರ ಸೋತಿತ್ತು.

ಭಾನುವಾರ ಮಧ್ಯಾಹ್ನ, ಆರು ಪುಟ ಬಾಕಿ ಇರುವಾಗ, ಚೌಕ ಮೂಡಿತು. ಬೆನಕಪ್ಪ ಓದು ನಿಲ್ಲಿಸಿ, ತೆರೆಯ ಹತ್ತಿರ ಬಂದು ಪ್ರತಿ ಅಕ್ಷರವನ್ನೂ ಓದಿದರು.

"ಇದನ್ನ ನಾವು ಕರದೇವೇನವ್ವಾ?"

"ಇಲ್ರಿ ಮಾವಾರ."

"ಹಂಗಾದ್ರ ಹೊಸ್ತಿಲದಾಗ ಇರಲಿ," ಎಂದು ತಾವೇ ಬೇಡವೆಂಬ ಗುಂಡಿ ಒತ್ತಿ, ಬಿಟ್ಟ ಸಾಲಿನಿಂದ ಓದು ಮುಂದುವರಿಸಿದರು.

ಸೋಮವಾರದ ಮೊದಲ ಬಸ್ಸಿಗೆ ಅಂಜಿನಿ ಬಂದಾಗ ಅಚ್ಚಾದ ಪ್ರಬಂಧದ ಕಟ್ಟು ಸಿದ್ಧವಾಗಿತ್ತು. ಅವನು ಹೋದ ಮೇಲೆ ಗಂಗಾಂಬಿಕಾ ಬಿಸಿನೀರಿನಲ್ಲಿ ಬೆರಳು ಅದ್ದಿಕೊಂಡು ಕುಳಿತಳು.

ಮನೆಯಲ್ಲಿ ಕಂಪ್ಯೂಟರು ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಯಂತ್ರದ ಫೈರ್‌ವಾಲ್ ಚಾಲೂ ಇದೆಯೇ ಎಂದು ಇಂದೇ ನೋಡಿ. ತಿಳಿಯದಿದ್ದರೆ ತಿಳಿದವರನ್ನು ಕರೆದು ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಒಪ್ಪಿಗೆ ಕೇಳುವ ಚೌಕವನ್ನು ಪೂರ್ತಿ ಓದಿ. ನೀವು ಕರೆಯದ್ದಾದರೆ ಬೇಡವೆನ್ನಿ. ಮನೆಯ ಹಿರಿಯರಿಗೂ ಇದನ್ನು ಬಿಡಿಸಿ ಹೇಳಿ. ಗೋಡೆಯೊಂದೇ ಎಲ್ಲವನ್ನೂ ಕಾಯಲಾರದು: ವೈರಸ್ ತಡೆಯುವ ತಂತ್ರಾಂಶವೂ ಇರಲಿ, ದುಡಿದದ್ದರ ಒಂದು ಪ್ರತಿ ಸಿ.ಡಿ.ಯಲ್ಲಿರಲಿ. ಗಂಗಾಂಬಿಕಾ ಒಂದೇ ಹಿಟ್ಟನ್ನು ಎರಡು ಸಲ ಬೀಸಿದಳು. ನಿಮ್ಮ ಮನೆಯವರ ಕೈಗೆ ಆ ದಣಿವು ಬಾರದಿರಲಿ.